ಮೆರವಣಿಗೆ ಜೀಪಿನ ಮುಂದಿನ ಸೀಟು

ಬೆಳಕು ಹರಿಯುವ ಮೊದಲೇ ಅಂಕಲಗಿಯ ಬೀರಸಿದ್ದಪ್ಪ ತಮ್ಮ ತೆರೆದ ಜೀಪಿಗೆ ನೀರು ಹೊಡೆಯುತ್ತಿದ್ದಾರೆ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿ, ಹಿಂದೆ ನಿಂತವರು ಹಿಡಿದುಕೊಳ್ಳುವ ಕಬ್ಬಿಣದ ಸರಳನ್ನು ಬಟ್ಟೆಯಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಇವತ್ತು ಅದನ್ನು ಹಿಡಿದು ನಿಲ್ಲುವವರು ಶಿವಾನಂದ, ಸೈನ್ಯದಿಂದ ನಿವೃತ್ತರಾಗಿ ಯಮಕನಮರಡಿಗೆ ಮರಳುತ್ತಿರುವ ಹವಾಲ್ದಾರರು.

"ಹೊಟ್ಟಿಕಿಚ್ಚ ಆಗತೈತ್ರಿ," ಎನ್ನುತ್ತಾರೆ ಬೀರಸಿದ್ದಪ್ಪ, ಅವರ ಬಗ್ಗೆ ಬರೆಯಲು ಬಂದ ನಾನು ಏನೂ ಕೇಳುವ ಮೊದಲೇ. "ಸುಳ್ಳ ಯಾಕ ಹೇಳ್ಲಿ? ಮಂದಿ ಹೂವು ಹಾರಸೂದ ಹಿಂದಿನಾಂವಗ. ನನ್ನ ತಲಿಮ್ಯಾಲ ಬೀಳೂದು ಅಂವಗ ತಪ್ಪಿದ್ದ ಹೂವು."

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈಗ ಸೈನಿಕ ನಿವೃತ್ತನಾದರೆ ಊರಿಗೆ ಊರೇ ಎದುರುಗೊಳ್ಳಲು ಬರುತ್ತದೆ. ಬ್ಯಾನರು, ಡಿಜೆ, ಆರತಿ, ಜೆಸಿಬಿಯ ಬಾಯಿಂದ ಹೂಮಳೆ. ಒಳ್ಳೆಯ ಪದ್ಧತಿಯೇ. ಆದರೆ ಮೆರವಣಿಗೆಯ ಜೀಪು ಓಡಿಸುವ ಬೀರಸಿದ್ದಪ್ಪನವರೂ ಕಾಶ್ಮೀರದ ಕಾಡಿನಲ್ಲಿ ತೊಡೆಗೆ ಗುಂಡು ತಿಂದ ಸೈನಿಕರೆಂದು ಆ ಊರುಗಳವರಿಗೆ ಗೊತ್ತಿಲ್ಲ. ಅವರು ಊರಿಗೆ ಮರಳಿದಾಗ ಈ ಪದ್ಧತಿ ಇನ್ನೂ ಶುರುವಾಗಿರಲಿಲ್ಲ.

"ಬಸ್ ಇಳದು ಟ್ರಂಕ್ ಹೆಗಲಮ್ಯಾಲ ಇಟ್ಕೊಂಡ ನಡದೆ. ಒಂದ ನಾಯಿ ಮನಿತನಕ ಬೊಗಳಕೋತ ಬಂತು. ಅದ ನನ್ನ ಮೆರವಣಿಗಿ ನೋಡ್ರಿ."

ಪದಕಗಳಿಲ್ಲವೇ ಎಂದರೆ ಇವೆ. ಗಾಯಕ್ಕೊಂದು, ಹಿಮದ ಚಳಿಗೊಂದು, ಸೇವೆಯ ವರ್ಷ ತುಂಬಿದ್ದಕ್ಕೊಂದು. ಶೌರ್ಯದ್ದು ಮಾತ್ರ ಇಲ್ಲ. ಗುಂಡು ತಿಂದ ದಿನ ಬಿದ್ದಿದ್ದ ಜೊತೆಗಾರನನ್ನು ಎಳೆದು ತಂದವರು ಇಬ್ಬರು, ಇವರು ಮತ್ತು ಸಾತಾರಾದ ಸುಶಾಂತ. ಸುಶಾಂತ ಅಲ್ಲೇ ಸತ್ತ. ಶೌರ್ಯ ಪದಕ ಅವನಿಗೆ ಬಂತು.

"ಅಂವನ ಹೆಂಡ್ತಿ ಪದಕ ಇಸ್ಕೊಳ್ಳೂದನ್ನ ಟಿವ್ಯಾಗ ನೋಡಿ ತಾಟ ಸರಿಸಿ ಎದ್ದೆ. ಸತ್ತಾಂವನ ಮ್ಯಾಲ ಹೊಟ್ಟಿಕಿಚ್ಚ! ನನಗ ನನ್ನ ಮ್ಯಾಲ ಹೇಸಿಗಿ ಆತ್ರಿ." ಒದ್ದೆ ಬಟ್ಟೆ ಹಿಂಡುತ್ತಾರೆ. "ಆದ್ರ ಕಿಚ್ಚ ಆರಲಿಲ್ಲ."

ಹೆಂಡತಿ ಹಣಮವ್ವ ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಾರೆ. ಮಹಿಳಾ ಸಂಘದಿಂದ ತರಬೇತಿ ಪಡೆದು ಲೈಸೆನ್ಸ್ ಮಾಡಿಸಿಕೊಂಡವರು. ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ನಿಂತು ನನಗೆ ಹೇಳುತ್ತಾರೆ: "ಜೀಪ ನಾ ಹೊಡಿತೇನಿ, ಒಮ್ಮೆರ ನೀವ ಹಿಂದ ನಿಂದರ್ರಿ ಅಂತ ಹೇಳಿ ಹೇಳಿ ಸಾಕಾತ್ರಿ. ಕೀಲಿ ಮುಟ್ಟಗೊಡಂಗಿಲ್ಲ."

"ಹೆಂಡ್ತಿ ಗಾಡಿ ಹೊಡದ್ರ ಅದ ಮೆರವಣಿಗಿ ಆಗತೈತೇನ? ಮಂದಿ ನಗತಾರ," ಎಂದು ಬೀರಸಿದ್ದಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ಯಮಕನಮರಡಿಯಲ್ಲಿ ಇಡೀ ದಾರಿ ಫಸ್ಟ್ ಗೇರು, ಅರ್ಧ ಕ್ಲಚ್ಚು. ಕುಣಿಯುವವರ ಕಾಲಿಗೆ ಚಕ್ರ ತಾಗಬಾರದು, ನಿಂತವರು ಮುಗ್ಗರಿಸಬಾರದು. ಕ್ಲಚ್ ತುಳಿಯುವುದು ಗುಂಡು ಬಿದ್ದ ಕಾಲೇ. ಬೆವರು ಇಳಿಯುತ್ತದೆ, ಮುಖ ಗಂಟಿಕ್ಕುತ್ತದೆ, ಜೀಪು ಮಾತ್ರ ತೊಟ್ಟಿಲಿನಂತೆ ಸಾಗುತ್ತದೆ. ಬೇಕಂತಲೇ ಒಮ್ಮೆ ಜಗ್ಗಿಸಬೇಕು ಅನ್ನಿಸುವುದಿಲ್ಲವೇ ಎಂದೆ. "ಅನಸತೈತ್ರಿ. ಆದ್ರ ಕಾಲ ಕೇಳಂಗಿಲ್ಲ," ಎಂದರು.

ಕೊನೆಗೆ ರಾಷ್ಟ್ರಗೀತೆ. ಬೀರಸಿದ್ದಪ್ಪ ಇಳಿದು, ನೋಯುವ ಕಾಲನ್ನು ಸೆಟೆಸಿ ಸೈನ್ಯದ 'ಸಾವಧಾನ್' ಭಂಗಿಯಲ್ಲಿ ನಿಲ್ಲುತ್ತಾರೆ. ಆ ನಿಲುವನ್ನು ಶಿವಾನಂದ ಗಮನಿಸುತ್ತಾರೆ. ಗೀತೆ ಮುಗಿದದ್ದೇ ಕೆಳಗಿಳಿದು ಬರುತ್ತಾರೆ.

"ಯಾವ ಪಲ್ಟಣ್ ರೀ ಅಣ್ಣಾರ?"

ಬೀರಸಿದ್ದಪ್ಪ ತಮ್ಮ ರೆಜಿಮೆಂಟಿನ ಹೆಸರು ಹೇಳುತ್ತಾರೆ. ಶಿವಾನಂದ ತಮ್ಮ ಕೊರಳ ಮಾಲೆ ತೆಗೆದು ಅವರ ಕೊರಳಿಗೆ ಹಾಕಲು ಹೋಗುತ್ತಾರೆ. ಬೀರಸಿದ್ದಪ್ಪ ಆ ಕೈ ಹಿಡಿದುಕೊಳ್ಳುತ್ತಾರೆ.

"ಬ್ಯಾಡ ತಮ್ಮಾ. ಇದು ನಿಂದು. ಮಂದಿ ಮಾಲಿ ಹಾಕ್ಕೊಂಡ್ರ ನನ್ನ ಹೊಟ್ಟಿ ಇನ್ನಷ್ಟ ಉರಿತೈತಿ."

ವಾಪಸು ಬರುವಾಗ ಅಂಕಲಗಿಯಲ್ಲಿ ಜೀಪು ಬಸ್ ನಿಲ್ದಾಣದ ಎದುರು ನಿಲ್ಲುತ್ತದೆ, ಅವರು ಅಂದು ಟ್ರಂಕಿನೊಂದಿಗೆ ಇಳಿದಿದ್ದ ಜಾಗದಲ್ಲಿ. ಕಸದ ಗಾಡಿ ಬಿಟ್ಟು ಮನೆಗೆ ನಡೆಯುತ್ತಿದ್ದ ಹಣಮವ್ವ ಎದುರಾಗುತ್ತಾರೆ. ಬೀರಸಿದ್ದಪ್ಪ ಇಳಿದು ಕೀಲಿ ಚಾಚುತ್ತಾರೆ.

"ಯಾಕ್ರಿ, ಕಾಲ ಭಾಳ ನೋಯಾಕತ್ತೈತೇನ?"

ಬೀರಸಿದ್ದಪ್ಪ ಹಿಂದೆ ಹತ್ತಿ ಸರಳು ಹಿಡಿಯುತ್ತಾರೆ. ಡಿಜೆ ಇಲ್ಲ, ಬ್ಯಾನರಿಲ್ಲ, ಕಾಲಡಿ ಶಿವಾನಂದರ ಮೇಲೆ ಬಿದ್ದ ಹೂವಿನ ಎಸಳುಗಳು. ಚಹಾದಂಗಡಿಯವರು ತಲೆ ಎತ್ತಿ ನೋಡುತ್ತಾರೆ. ಯಾರೂ ನಗುವುದಿಲ್ಲ. ಹಣಮವ್ವ ಸೆರಗು ಸಿಕ್ಕಿಸಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ನನಗಾಗಿ ಯಾರಾದರೂ ಹೀಗೆ ಗಾಡಿ ಹೊಡೆದಾರೇ ಎಂದು, ಜೀಪಿನಿಂದಿಳಿದು ಪಕ್ಕಕ್ಕೆ ಸರಿದು ನಿಂತ ನನಗೂ ಹೊಟ್ಟೆಕಿಚ್ಚಾಗುತ್ತದೆ.

ಎಂಜಿನ್ ಶುರುವಾಗುತ್ತದೆ. ಬೀರಸಿದ್ದಪ್ಪ ಎದೆ ಸೆಟೆಸಿ, ಮುಂದೆ ನೋಡುತ್ತಲೇ ಹೇಳುತ್ತಾರೆ:

"ಕ್ಲಚ್ ಸಾವಕಾಶ ಬಿಡ. ನಾ ನಿಂತೇನಿ."