ಯಾರೂ ಒತ್ತದ ಅಳುಮೋರೆ

ಬನಹಟ್ಟಿಯಲ್ಲಿ ಎಚ್‌ಆರ್ ಆಗುವುದೆಂದರೆ ಊರಿಗೆಲ್ಲ ಸೊಸೆಯಾದಂತೆ. ಮಧುಮತಿಯನ್ನು ನೋಡಿಯೇ ನಾನು ಈ ಮಾತು ಹೇಳುತ್ತಿದ್ದೇನೆ. ನಮ್ಮ ಸೀರೆ ಕಂಪನಿಯ ಆಫೀಸಿನಲ್ಲಿ ಅವಳ ಪಕ್ಕದ ಮೇಜು ನನ್ನದು. ನಾನು ಲೆಕ್ಕಪತ್ರ ನೋಡುವವಳು, ಅವಳು ಮಂದಿಯನ್ನು ನೋಡುವವಳು. ಮುಧೋಳದಲ್ಲಿ ಹುಟ್ಟಿ, ಜಮಖಂಡಿಯಲ್ಲಿ ಓದಿ, ಪಕ್ಕದ ರಬಕವಿಗೆ ಸೊಸೆಯಾಗಿ ಬಂದಳು. ರಜೆ ಬೇಕಾದವರು ಆಫೀಸಿಗೆ ಬಂದು ಕೇಳಿ ಎಂದು ಎಷ್ಟು ಬಡಿದುಕೊಂಡರೂ ಯಾರೂ ಬರುತ್ತಿರಲಿಲ್ಲ. ನೆಟ್ಟಗೆ ಅವಳ ಅತ್ತೆಯ ಹತ್ತಿರ ಹೋಗಿ, ಉಡಿಯಲ್ಲಿ ತಂದ ಬದನೆಕಾಯಿ ಸುರಿದು, ನಿಮ್ಮ ಸೊಸೆಗೆ ಒಂದು ಮಾತು ಹೇಳಿ ಎಂದು ಬರುತ್ತಿದ್ದರು. ಊಟಕ್ಕೆ ಬಡಿಸುತ್ತಲೇ ಅತ್ತೆ ರಜೆ ಮಂಜೂರು ಮಾಡಿಸುತ್ತಿದ್ದಳು.

ಇದೆಲ್ಲ ನಗುವ ಸಂಗತಿ. ನಗಲಾಗದ್ದು ಒಂದಿತ್ತು. ನಮ್ಮ ಶೆಡ್ಡಿನಲ್ಲಿ ಹೆಂಗಸರು ಕಂಡಿಕೆ ಸುತ್ತುತ್ತಾರೆ, ಅಂದರೆ ಮಗ್ಗದ ಲಾಳಿಗೆ ಬೇಕಾದ ನೂಲು ತುಂಬುತ್ತಾರೆ. ಅವರಿಗೆ ಶೌಚಾಲಯವೇ ಇರಲಿಲ್ಲ. ಗಂಡಸರದು ಹಿಂದುಗಡೆ ಇತ್ತು. ಹೆಂಗಸರು ಓಣಿ ದಾಟಿ ಗುರುಬಸವ್ವನ ಮನೆಗೆ ಹೋಗುತ್ತಿದ್ದರು. ಆ ಪುಣ್ಯಾತ್ಗಿತ್ತಿ ತನ್ನ ಹಿತ್ತಲ ಬಾಗಿಲಿಗೆ ಎಂದೂ ಚಿಲಕ ಹಾಕಿದವಳಲ್ಲ. ಆದರೆ ಈಗ ಅವಳ ಮಗ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದ. ಯುಗಾದಿ ಮುಗಿದ ಕೂಡಲೇ ಹಿತ್ತಲು ಬೀಳುವುದಿತ್ತು. ಅಷ್ಟರೊಳಗೆ ಶೆಡ್ಡಿನ ಪಕ್ಕದಲ್ಲಿ ಹೆಂಗಸರಿಗೊಂದು ಶೌಚಾಲಯ ಆಗಲೇಬೇಕು ಎಂದು ಮಧುಮತಿ ಹಟ ಹಿಡಿದಳು. ತಾನೇ ಹೋಗಿ ನೆಲದ ಮೇಲೆ ಸುಣ್ಣದ ಗೆರೆ ಹಾಕಿ ಜಾಗ ಗುರುತು ಮಾಡಿ ಬಂದಳು. ಮರುದಿನದಿಂದ ಆ ಗೆರೆಯೊಳಗೆ ಗಂಡಸರು ಬೈಕು ನಿಲ್ಲಿಸತೊಡಗಿದರು.

ಕಂಪನಿಯ ಮಾಲೀಕ ಅಮಿತ ಕೆಟ್ಟವನಲ್ಲ. ಪುಣೆಯಲ್ಲಿ ಓದಿ ಬಂದವನು, ಕಣ್ಣಿಗಿಂತ ಕಂಪ್ಯೂಟರನ್ನು ಹೆಚ್ಚು ನಂಬುತ್ತಾನೆ, ಅಷ್ಟೇ. ತೊಂದರೆ ಇರುವುದು ಖರೆಯಾದರೆ ಕೆಲಸದವರೇ ಹೇಳಲಿ ಎಂದ. ಹೇಳಲಿಕ್ಕೆಂದು ಶೆಡ್ಡಿನ ಬಾಗಿಲಿಗೆ ಒಂದು ಮಷೀನು ತರಿಸಿ ಕೂರಿಸಿದ. ಅದರಲ್ಲಿ ಮೂರು ಮೋರೆ: ಹಸಿರು ನಗುಮೋರೆ, ಹಳದಿ ಸಪ್ಪೆಮೋರೆ, ಕೆಂಪು ಅಳುಮೋರೆ. ಕೆಲಸದ ಜಾಗ ಹೇಗಿದೆ ಅನಿಸುತ್ತದೋ ಆ ಮೋರೆಯನ್ನು ಒತ್ತಿ ಒಳಗೆ ಹೋಗಬೇಕು. ಆಫೀಸಿನವರು ಅದನ್ನು ಮುಟ್ಟಕೂಡದು. ಕೆಂಪು ಹೆಚ್ಚು ಬಿದ್ದರೆ ಮರುದಿನವೇ ಕಟ್ಟಲು ಗೌಂಡಿಯನ್ನು ಕರೆಸುತ್ತೇನೆ ಎಂದು ಮಧುಮತಿಗೆ ಮಾತು ಕೊಟ್ಟ. ಅವಳು ಅಂದು ಖುಷಿಯಿಂದ ನನಗೆ ಚಹಾ ಕುಡಿಸಿದಳು.

ವಾರ ಕಳೆಯಿತು, ಎಲ್ಲ ಹಸಿರು. ಮತ್ತೊಂದು ವಾರ, ಅದೂ ಹಸಿರು. ನಲ್ಲಿಯ ಹತ್ತಿರ ಮಧುಮತಿಯನ್ನು ಅಡ್ಡಗಟ್ಟಿ ದಿನವೂ ಗೋಳು ಹೇಳಿಕೊಳ್ಳುವ ಹೆಂಗಸರೇ ಮಷೀನಿನ ಮುಂದೆ ಪರಮ ಸುಖಿಗಳಾಗಿಬಿಡುತ್ತಿದ್ದರು. ಇದೇನು ಮಾಯೆ ಎಂದು ಅವಳು ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ನೋಡಿದಳು. ಕಂಡಿಕೆಯವರಲ್ಲಿ ಹಿರಿಯಳಾದ ಬನಶಂಕರಿ ಮೊದಲು ಬಂದಳು. ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಬೆರಳಿನಿಂದ ನಗುಮೋರೆ ಮುಟ್ಟಿ ಮತ್ತೆ ಕಣ್ಣಿಗೊತ್ತಿಕೊಂಡಳು. ಹಿಂದೆ ಬಂದವರೂ ಹಾಗೆಯೇ ಮಾಡಿದರು. ಅಮಾವಾಸ್ಯೆಗೆ ಮಗ್ಗಗಳ ಪೂಜೆಯಾದಾಗ ನಗುಮೋರೆಗೂ ಕುಂಕುಮ ಬಿತ್ತು.

ಕೆಂಪು ಒತ್ತಿದರೆ ಮಾತ್ರ ಶೌಚಾಲಯ ಆಗುತ್ತದೆ ಎಂದು ಮಧುಮತಿ ಬನಶಂಕರಿಯನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು. ಅವಳು ಗಾಬರಿಯಾದಳು.

"ಮುಂಜಾನೆದ್ದು ಅಳುಮಾರಿ ಮುಟ್ಟಿ ಕೆಲಸಕ್ಕ ಕುಂದ್ರೂದೇನವಾ? ದಿನಾಪೂರ್ತಿ ನೂಲು ಹರಕೋಂತ ಹೋಗತೈತಿ."

ಹಾಗಾದರೆ ಸಂಜೆ ಹೋಗುವಾಗ ಒತ್ತಿ ಎಂದು ಮಧುಮತಿ ಪದ್ಧತಿಯನ್ನೇ ಬದಲಿಸಿದಳು. ಸಂಜೆಯೂ ಹಸಿರೇ ಬಿತ್ತು. ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಳುಮೋರೆ ಮುಟ್ಟಿ ಹೋಗುವುದುಂಟೇ ಎಂದು ಅವಳನ್ನೇ ಕೇಳಿದರು. ಮಾಲೀಕರ ಎದುರು ಬಾಯಿಬಿಟ್ಟಾದರೂ ಹೇಳಿ ಎಂದು ಅವಳು ಗೋಗರೆದಳು. ಅಂಥ ಮಾತನ್ನು ಗಂಡಸರ ಮುಂದೆ ಆಡಲಾಗುತ್ತದೆಯೇ, ಆಡಲಿಕ್ಕೆಂದೇ ನಿನ್ನನ್ನು ಇಟ್ಟಿದ್ದಾರಲ್ಲ ಎಂದು ಬನಶಂಕರಿ ಕೈ ಝಾಡಿಸಿದಳು. ಮಧುಮತಿ ಅಮಿತನಿಗೆ ಎಲ್ಲವನ್ನೂ ವಿವರಿಸಿದಳು. ಅವನು ನಕ್ಕು, ಪರದೆಯ ಮೇಲಿನ ಹಸಿರನ್ನು ತೋರಿಸಿ, ತ್ರಾಸವೇ ಇಲ್ಲದವರಿಗೆ ನಾವು ತ್ರಾಸ ಹುಟ್ಟಿಸುವುದು ಬೇಡ ಎಂದ. ಆ ಪರದೆಯನ್ನು ಕಿತ್ತು ಒಗೆಯಬೇಕು ಅನಿಸಿತು ನನಗೆ.

ಯುಗಾದಿ ಮುಗಿಯಿತು, ಗುರುಬಸವ್ವನ ಹಿತ್ತಲು ಬಿತ್ತು.

ಶೆಡ್ಡಿನ ಮೂಲೆಯಲ್ಲಿ ಹೆಂಗಸರ ನೀರಿನ ಕೊಡವಿತ್ತು. ಬನಶಂಕರಿ ಬೆಳಿಗ್ಗೆ ಅದನ್ನು ತುಂಬಿಡುತ್ತಿದ್ದಳು. ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಬರಿದಾಗಿ ಮತ್ತೆ ತುಂಬಬೇಕಾಗುತ್ತಿತ್ತು. ಈಗ ಅದು ಸಂಜೆಯವರೆಗೂ ತುಂಬಿದ ಹಾಗೇ ಇರತೊಡಗಿತು. ತಗಡಿನ ಮಾಡಿನ ಕೆಳಗೆ ಒಬ್ಬಳು ತಲೆ ಸುತ್ತಿ ಬಿದ್ದಳು. ಉಪವಾಸ ಮಾಡಿದ್ದಾಳೆ ಎಂದು ಉಳಿದವರು ಸುಳ್ಳು ಹೇಳಿ ಗಾಳಿ ಬೀಸಿದರು. ಅಂದು ಸಂಜೆ ಮಧುಮತಿ ಅಮಿತನ ಕೋಣೆಗೆ ಹೋಗಿ, ಕಂಪ್ಯೂಟರ್ ಮುಚ್ಚಿ ಒಮ್ಮೆ ಕೆಳಗೆ ಬನ್ನಿ ಎಂದಳು. ಅವಳ ಮುಖ ನೋಡಿ ಅವನು ಎದ್ದ. ನಾನೂ ಹಿಂದೆ ಹೋದೆ. ಅವಳು ಮೂಲೆಯ ಕೊಡವನ್ನು ತೋರಿಸಿದಳು.

ಅಮಿತ ಬಗ್ಗಿ ನೋಡಿದ, ಸಮಾಧಾನದಿಂದ ತಲೆಯಾಡಿಸಿದ. "ಛಲೋ ಆತಲ್ರಿ ಮೇಡಂ. ಇಂಥಾ ಬ್ಯಾಸಿಗ್ಯಾಗೂ ನಮ್ಮಲ್ಲಿ ನೀರು ಕಡಿಮಿ ಬಿದ್ದಿಲ್ಲ."

"ಕುಡದ್ರ ಹೋಗಬೇಕಾಗತೈತ್ರಿ," ಎಂದಳು ಮಧುಮತಿ. "ಹೋಗಾಕ ಜಾಗಾ ಇಲ್ಲ. ಅದಕ್ಕ ಮುಂಜಾನಿಂದ ಒಬ್ಬರೂ ಕುಡದಿಲ್ಲ."

ಮಗ್ಗಗಳು ನಿಂತಿದ್ದರಿಂದ ಮಾತು ಎಲ್ಲರಿಗೂ ಕೇಳಿಸಿತು. ಅಮಿತ ನೆಲ ನೋಡಿದ. ಕೆಲಸ ಆಯಿತು ಎಂದೇ ನಾನು ತಿಳಿದೆ. ಆಮೇಲೆ ಅವನು ಹೆಂಗಸರ ಕಡೆ ತಿರುಗಿ, ಇದು ಖರೆಯೇ ಎಂದು ಕೇಳಿದ. ಎಲ್ಲರೂ ಬನಶಂಕರಿಯನ್ನು ನೋಡಿದರು. ಅವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಏನಿಲ್ರಿ ಸಾವಕಾರ್ರ. ಎಲ್ಲಾ ಛಲೋ ಐತ್ರಿ."

ನೋಡೋಣ ಎಂದು ಅಮಿತ ಮೇಲೆ ಹೋದ. ಅವನ ನೋಡೋಣದ ಅರ್ಥ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬನಶಂಕರಿಯನ್ನು ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ. ಮಧುಮತಿ ಬಾಗಿಲಿಗೆ ನಡೆದು, ಮಷೀನಿನ ಮುಂದೆ ನಿಂತು, ಅಳುಮೋರೆಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಮಷೀನು ಬಂದಂದಿನಿಂದ ಬಿದ್ದ ಮೊದಲ ಕೆಂಪು ಅದು.

ಬನಶಂಕರಿ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಆ ಬೆರಳನ್ನು ತನ್ನ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಅವಳ ಕಣ್ಣು ತುಂಬಿತ್ತು.

"ನಮ್ಮ ಸಲುವಾಗಿ ನೀ ಯಾಕವಾ ಅಳುಮಾರಿ ಮುಟ್ಟತಿ? ಮನ್ಯಾಗ ಸಣ್ಣ ಕೂಸು ಐತಿ ನಿಂದು."

ಹಾಗೆನ್ನುತ್ತಲೇ, ಕೂಸಿನ ಕೈ ಹಿಡಿದು ದೇವರಿಗೆ ನಮಸ್ಕಾರ ಮಾಡಿಸುವಂತೆ, ಮಧುಮತಿಯ ಬೆರಳನ್ನು ನಗುಮೋರೆಯ ಮೇಲಿಟ್ಟು ತಾನೇ ಒತ್ತಿಸಿದಳು. ಹಸಿರು ದೀಪ ಹತ್ತಿತು.