ಮಾರಕ್ಕನ ಕಂಬಳಿ

"ಇದು ಆಗದ ಮಾತು" ಎಂದು ಮೊದಲು ಅಂದವಳು ನಮ್ಮಜ್ಜಿ. ನಾನು ಆ ಮನೆಗೆ ಹತ್ತಿಕೊಂಡು ಒಗ್ಗುವುದೂ ಆಗದ ಮಾತು, ಮುಂದೆ ಓದಿ ಡಿಗ್ರಿ ಮಾಡುವುದೂ ಆಗದ ಮಾತು. ಅಜ್ಜಿ ಸತ್ತು ಎಷ್ಟೋ ವರ್ಷವಾಯಿತು. ಆದರೂ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವಳ ದನಿ ಕಿವಿಯೊಳಗೆ ಏಳುತ್ತದೆ. ಮೊನ್ನೆ ಚಳ್ಳಕೆರೆ ಸಂತೆಯಲ್ಲಿ ಹಾಗೇ ಆಯಿತು. ತರಕಾರಿ ಚೀಲ ಹಿಡಿದು ಬರುತ್ತಿದ್ದೆ, ಇದ್ದಕ್ಕಿದ್ದಂತೆ ಮಳೆ ಹನಿಯಿತು. ಕಂಬಳಿ ಮಾರುವವರು ತಾಡಪಾಲು ಎಳೆಯುವಷ್ಟರಲ್ಲಿ ಮೇಲಿನ ಕಂಬಳಿಗಳು ನೆನೆದುಹೋದವು. ಉಣ್ಣೆ, ಅದಕ್ಕೆ ಹಾಕಿದ ಹುಣಸೆಬೀಜದ ಗಂಜಿ, ಕುರಿಯ ಮೈಜಿಡ್ಡು ಎಲ್ಲ ಕಲೆತ ಕಮಟು ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನಾನು ಮಾತ್ರ ಅಲ್ಲೇ ನಿಂತುಬಿಡುತ್ತೇನೆ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹೆಂಗಸು ಸಂತೆಯ ನಡುವೆ ನಿಂತು, ಯಾರೋ ನನ್ನನ್ನು ಹೊರಗೆ ತಳ್ಳಿಬಿಡುತ್ತಾರೆ ಎಂದು ಅಂಜುವುದು ನಗೆಪಾಟಲೇ ಸರಿ. ಆದರೂ ಅಂಜುತ್ತೇನೆ. ತಳ್ಳುವುದಕ್ಕಾದರೂ ಆ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಆ ಮನೆಯೇ ಉಳಿದಿಲ್ಲ.

ನಮ್ಮ ಮನೆ ಇದ್ದದ್ದು ಕುದಾಪುರದ ಕಾವಲಿಗೆ, ಆ ಹುಲ್ಲುಬಯಲಿಗೆ, ಅಂಟಿಕೊಂಡ ಒಂದು ಹಟ್ಟಿಯಲ್ಲಿ. ಮನೆಗೂ ಕುರಿರೊಪ್ಪಕ್ಕೂ ನಡುವೆ ಒಂದೇ ಗೋಡೆ. ಕುರಿ ಸಾಕಿದ ಮನೆಯಲ್ಲಿ ನೀವೂ ಬೆಳೆದಿದ್ದರೆ ನಿಮಗೆ ಹೇಳಬೇಕಾಗಿಲ್ಲ, ಆ ಗೋಡೆ ಬರೀ ನೆಪಕ್ಕೆ. ಅವುಗಳ ಕೆಮ್ಮು ನಮಗೆ ಕೇಳುತ್ತಿತ್ತು, ನಮ್ಮ ಜಗಳ ಅವಕ್ಕೆ ಕೇಳುತ್ತಿತ್ತು. ಬೆಳಗಾದರೆ ರೊಪ್ಪದ ಮುಳ್ಳುಬಾಗಿಲು ಸರಿಸುವ ಸದ್ದು, ಹಿಕ್ಕೆಯ ಬಿಸಿ ವಾಸನೆ, ಸೌದೆ ಒಲೆಯ ಮೇಲೆ ಅವ್ವ ತಿರುವುವ ಮುದ್ದೆಯ ಹಬೆ. ಅಪ್ಪ ಮಾತು ಕಡಿಮೆಯವನು. ಕುರಿಗಳ ಜೊತೆ ಆಡಿದಷ್ಟು ಮಾತನ್ನು ನಮ್ಮ ಜೊತೆ ಆಡಿದವನಲ್ಲ. ಅವ್ವ ಮೊಳಕಾಲ್ಮೂರಿನ ಕಡೆಯವಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು, ಅಳು ಬಂದರೂ ತೆಲುಗೇ. ಅಪ್ಪನ ತಾಯಿ, ನಮ್ಮಜ್ಜಿ, ಬಾಗಿಲ ಪಕ್ಕದ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತ ಇಡೀ ಮನೆಗೆ ತೀರ್ಪು ಕೊಡುತ್ತಿದ್ದಳು. "ಮನುಷ್ಯರಿಗೂ ಕುರಿಗೂ ಏನು ಫರಕೈತೆ? ಎಲ್ಡು ಕಾಲು ಕಮ್ಮಿ, ನಾಲಿಗಿ ಒಂದು ಉದ್ದ, ಅಷ್ಟೇಯ" ಎನ್ನುವುದು ಅವಳ ಮಾತು. ಸೊಸೆ ಹೆರಿಗೆಗೆ ನರಳಿದರೂ, ಮಕ್ಕಳು ಹಟ ಮಾಡಿದರೂ, ಮುದುಕರು ಉಣ್ಣುವುದು ಬಿಟ್ಟರೂ ಅವಳು ಕುರಿಯ ಲೆಕ್ಕದಲ್ಲೇ ಹೇಳುತ್ತಿದ್ದಳು. ಬಹಳ ಸಲ ಅವಳು ಹೇಳಿದ್ದೇ ನಡೆಯುತ್ತಿತ್ತು. ಅದಕ್ಕೇ ನನಗೆ ಅವಳ ಮಾತೆಂದರೆ ಭಯ.

ನಾನಾಗ ಮೂರನೆಯ ಕ್ಲಾಸಿನಲ್ಲಿದ್ದೆ. ಕುರಿಗಳು ಈಯುವ ಕಾಲ. ಒಂದು ಕುರಿಯ ಮರಿ ಹುಟ್ಟಿದ ಮರುದಿನವೇ ಸತ್ತಿತು. ಇನ್ನೊಂದು ಕುರಿ ಈದು ತಾನೇ ಸತ್ತಿತು, ಅದರ ಮರಿ ತಬ್ಬಲಿಯಾಗಿ ಅರಚುತ್ತಿತ್ತು. ಮರಿ ಕಳಕೊಂಡ ಕುರಿಗೆ ಕೆಚ್ಚಲು ಬಿಗಿದು ಹಾಲು ಸೋರುತ್ತಿದ್ದರೂ ತಬ್ಬಲಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆಗ ಅಪ್ಪ ಒಂದು ಕೆಲಸ ಮಾಡಿದ. ಸತ್ತ ಮರಿಯ ಚರ್ಮ ಸುಲಿದು, ಕಾಲಿನ ಜಾಗದಲ್ಲಿ ತೂತು ಬಿಟ್ಟು, ಜುಬ್ಬ ತೊಡಿಸಿದಂತೆ ತಬ್ಬಲಿ ಮರಿಗೆ ತೊಡಿಸಿದ. ಕುರಿ ಅದರ ಬಾಲದ ಬುಡ ಮೂಸಿತು, ಇನ್ನೊಮ್ಮೆ ಮೂಸಿತು, ಸುಮ್ಮನೆ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸಿತು. ನನಗೆ ಕಣ್ಣು ತುಂಬಿ ಬರುವಷ್ಟು ಖುಷಿ. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಓಬಕ್ಕ ನನ್ನ ಮುಖ ನೋಡಿ ನಕ್ಕಳು.

"ಅದೇನೇ ಹಂಗೆ ಬಾಯಿ ಬಿಟ್ಕಂಡು ನೋಡ್ತೀಯ, ಸರೋಜಿ? ನಿನ್ನೂ ಹಿಂಗೇ ಅಲ್ವೇನೇ ನಿಮ್ಮವ್ವ ಬೋರಮ್ಮಂಗೆ ಸೇರಿಸಿದ್ದು! ಮಾರಕ್ಕನ ಕಂಬಳಿ ಸುತ್ತಿ ನಿಮ್ಮಜ್ಜಿ ಅವಳ ಮಡ್ಲಾಗೆ ಹಾಕಿದ್ಲು."

"ಮಾರಕ್ಕ ಯಾರು?" ಎಂದೆ.

ನನಗೆ ಗೊತ್ತಿಲ್ಲ ಎನ್ನುವುದು ಓಬಕ್ಕನಿಗೆ ಗೊತ್ತಿರಲಿಲ್ಲ. ಹಟ್ಟಿಗೆಲ್ಲ ತಿಳಿದ ಮಾತು ನನಗೊಬ್ಬಳಿಗೆ ತಿಳಿಯದೆ ಇದ್ದೀತು ಎಂದು ಅವಳು ಯಾಕೆ ಎಣಿಸಬೇಕು? ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಮಾರಕ್ಕ ಅವ್ವನ ಮಗಳು. ಹಾಲು ಕುಡಿಯುವ ಕೂಸಾಗಿರುವಾಗಲೇ ಜ್ವರ ಬಂದು ಹೋದಳು. ಅದೇ ತಿಂಗಳು ಮೊಳಕಾಲ್ಮೂರಿನಲ್ಲಿ ಅವ್ವನ ತಂಗಿ ಅಂಜಿನಮ್ಮ ಹೆತ್ತು, ಬಾಣಂತನದಲ್ಲೇ ತೀರಿಹೋದಳು. ಆ ಕೂಸೇ ನಾನು. ಕೂಸಿನ ಅಪ್ಪ ಯಾರದೋ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವ ಕೂಲಿಯವನು, ಒಬ್ಬನೇ ಸಾಕಲಾರದೆ ತಂದು ಬಿಟ್ಟುಹೋದ. ನಮ್ಮಜ್ಜಿ ಬೇಡವೇ ಬೇಡ ಅಂದಳಂತೆ. "ಕಂಡೋರ ಮರಿ ಹತ್ತೋದು ಆಗದ ಮಾತು" ಅಂದಳಂತೆ. ಅಪ್ಪ ಬಿಡದಿದ್ದಾಗ, ಹಾಗಾದರೆ ಸತ್ತ ಮಗುವಿನ ಕಂಬಳಿ ಸುತ್ತಿರಿ, ಹೆಸರೂ ಅದರದೇ ಕರೆಯಿರಿ, ಸೊಸೆಗೆ ತಿಳಿಯದಂತೆ ಅವಳ ಎದೆಗೆ ಹಾಕಿರಿ ಅಂದಳಂತೆ. ಓಬಕ್ಕ ಇಷ್ಟನ್ನೂ ಹೇಳಿ, ಬೇಲಿಯ ಮೇಲಿದ್ದ ತನ್ನ ಸೀರೆ ಎಳೆದುಕೊಂಡು ಒಳಗೆ ಹೋದಳು.

ಆ ಕಂಬಳಿ ನನ್ನ ಹತ್ತಿರವೇ ಇತ್ತು. ಮರಿಗಳ ಎಳೆಯ ಉಣ್ಣೆಯಿಂದ ಕೂಸಿಗೆಂದೇ ನೇಯ್ದ ಸಣ್ಣ ಕಂಬಳಿ. ದಿನಾ ಅದನ್ನೇ ಹೊದ್ದು ಮಲಗುತ್ತಿದ್ದೆ, ನನ್ನದೆಂದೇ ತಿಳಿದಿದ್ದೆ. ಆವತ್ತಿನಿಂದ ಅದು ಕಂಬಳಿಯಾಗಿ ಉಳಿಯಲಿಲ್ಲ. ಮೊಣಕಾಲಿನವರೆಗೂ ಬಾರದ ಅದನ್ನು ಬೇಸಿಗೆಯ ಸೆಕೆಯಲ್ಲೂ ಮೈಗೆ ಸುತ್ತಿಕೊಂಡೇ ಇರತೊಡಗಿದೆ. ಅವ್ವ ಹತ್ತಿರ ಬಂದಾಗಲೆಲ್ಲ ಅವಳ ಮೂಗನ್ನೇ ನೋಡುತ್ತಿದ್ದೆ. ತಲೆ ಬಾಚುವಾಗ ಬಗ್ಗಿ ಉಸಿರೆಳೆದರೆ ನನ್ನ ಉಸಿರು ನಿಲ್ಲುತ್ತಿತ್ತು. ಮಾರಕ್ಕನಿಗೆ ಬೆಲ್ಲ ಇಷ್ಟವಿತ್ತೋ ಇಲ್ಲವೋ ಎಂದು ತಿಳಿಯದೆ ಬೆಲ್ಲ ತಿನ್ನುವುದನ್ನೇ ಬಿಟ್ಟೆ. ಅವ್ವನಿಗೆ ಇನ್ನೂ ತಿಳಿದಿಲ್ಲ, ತಿಳಿದ ದಿನ ನನ್ನ ಗತಿಯೇನು? ಆ ವಯಸ್ಸಿನ ಮಗು ಇದನ್ನು ಯಾರನ್ನು ಕೇಳಬೇಕು, ನೀವೇ ಹೇಳಿ.

ರೊಪ್ಪದಲ್ಲಿ ಆ ಮರಿಯ ಮೈಮೇಲಿನ ಚರ್ಮ ಒಣಗಿ ನಾರತೊಡಗಿತು. ಇನ್ನು ಬಿಚ್ಚಬಹುದು, ಹಾಲು ಕುಡಿದು ಕುಡಿದು ಮರಿಗೆ ಈ ಕುರಿಯ ವಾಸನೆಯೇ ಬಂದಿರುತ್ತದೆ ಎಂದ ಅಪ್ಪ. ನಾನು ಸ್ಕೂಲಿಗೆ ಹೋಗದೆ ಗೋಡೆಗೆ ಅಂಟಿ ನಿಂತೆ. ಚರ್ಮ ಬಿಚ್ಚಿದರು. ಮರಿ ಹಗುರಾಗಿ ಒಂದು ಕುಪ್ಪಳಿಸು ಕುಪ್ಪಳಿಸಿ ಕುರಿಯ ಹತ್ತಿರ ಓಡಿತು. ಕುರಿ ಮೂಸಿತು. ಹಿಂದೆ ಸರಿಯಿತು. ತಲೆ ತಗ್ಗಿಸಿ ಗುಮ್ಮಿತು. ಮರಿ ಬಿದ್ದು ಎದ್ದು ಮತ್ತೆ ಹೋಯಿತು, ಕುರಿ ಮತ್ತೆ ಗುಮ್ಮಿತು. ಅಪ್ಪ ಕುರಿಯ ಕುತ್ತಿಗೆ ಅದುಮಿ ಹಿಡಿದು ಮರಿಗೆ ಕುಡಿಸಿದ. ಕೈ ಬಿಟ್ಟರೆ ಮತ್ತೆ ಅದೇ. ಎಷ್ಟೋ ಕುರಿಗಳು ಒಪ್ಪುತ್ತವೆ, ಇದು ಒಪ್ಪಲಿಲ್ಲ. "ನಾ ಅಂದಿರ್ಲಿಲ್ವಾ?" ಎಂದು ಜಗಲಿಯಿಂದ ಅಜ್ಜಿಯ ದನಿ ಬಂತು. ಅವಳು ಅಂದದ್ದು ಮರಿಗೆ. ಕೇಳಿಸಿದ್ದು ನನಗೆ. ಆ ಮರಿಯನ್ನು ಕೊನೆಗೆ ಮೇಕೆಯ ಹಾಲು ಹಾಕಿ ಸಾಕಿದರು.

ಅದಾಗಿ ಸ್ವಲ್ಪ ದಿನಕ್ಕೆ ಯುಗಾದಿ ಬಂತು. ಒಂದು ಸಂಜೆ ಸ್ಕೂಲಿನಿಂದ ಬಂದರೆ ಬೇಲಿಯ ಮೇಲೆ ಮಾರಕ್ಕನ ಕಂಬಳಿ ನೀರು ಸೋರುತ್ತ ತೂಗುತ್ತಿತ್ತು. ಹಬ್ಬಕ್ಕೆಂದು ಅವ್ವ ಹಾಸಿಗೆ ಹೊದಿಕೆಯನ್ನೆಲ್ಲ ಒಗೆದುಬಿಟ್ಟಿದ್ದಳು. ಆ ಒದ್ದೆ ಉಣ್ಣೆಯ ವಾಸನೆ ಅಂಗಳವನ್ನೆಲ್ಲ ತುಂಬಿತ್ತು. ಇನ್ನೊಂದು ಗಳಿಗೆ, ಗಾಳಿ ಬಂದರೆ ಅದೂ ಇರುವುದಿಲ್ಲ. ನಾನು ಚೀಲ ಎಸೆದು ರೊಪ್ಪಕ್ಕೆ ಓಡಿ, ಮೇಯಲು ಹೋಗದ ಬಾಣಂತಿ ಕುರಿಗಳ ನಡುವೆ ಬಚ್ಚಿಟ್ಟುಕೊಂಡೆ. ಅವ್ವ ಹಟ್ಟಿಯೆಲ್ಲ ಕೂಗಿ, ಕೊನೆಗೆ ಅಲ್ಲಿಗೆ ಬಂದಳು.

"ಏನಾತೇ? ಯಾರು ಹೊಡೆದ್ರು?"

"ತೊಳೆದುಬಿಟ್ಯಲ್ಲವ್ವ."

"ಕೊಳಕಾಗಿತ್ತು, ತೊಳೆದೆ. ಅದಕ್ಯಾಕೆ ಅಳ್ತೀಯ?"

"ವಾಸನೆ ಹೋತು. ಈಗ ನೀನೂ ಗುಮ್ತೀಯ."

ಅವ್ವನ ಮುಖದ ಬಣ್ಣ ಹೋದದ್ದು ನನಗೆ ಕಂಡಿತು. ನನ್ನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು, ಯಾರು ಹೇಳಿದ್ದೆಂದು ಕೇಳಿಕೊಂಡು, ತಟ್ಟೆ ಹಾಕಿ "ಉಣ್ಣು" ಅಂದಳು. ಆಮೇಲೆ ಹೊರಗೆ ಹೋಗಿ ಓಬಕ್ಕನ ಬೇಲಿಯ ಮುಂದೆ ನಿಂತು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದ ಜಗಳವನ್ನು ಹಟ್ಟಿಯವರು ಬಹಳ ದಿನ ನೆನೆಸಿ ನಕ್ಕರು. ಆದರೆ ನನಗೆ ಅವಳು ಏನೂ ಹೇಳಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೇ? ನಾನು ಹೇಳಿದ ಮೇಲೆ ಗೊತ್ತಾಯಿತೇ? ಗೊತ್ತಾಗಿಯೂ ಮರ್ಯಾದೆಗೆ ಇಟ್ಟುಕೊಂಡಳೇ? ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟರೆ?

ಹಾಗಾಗಿ ನಾನು ಓದಿದೆ. ನೆಟ್ಟಗೆ ಹೇಳುತ್ತೇನೆ, ಜ್ಞಾನದ ಹಸಿವಿನಿಂದಲ್ಲ, ಭಯಕ್ಕೆ ಓದಿದೆ. ಗುಮ್ಮಿಸಿಕೊಳ್ಳದಷ್ಟು ಒಳ್ಳೆಯವಳಾಗಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು. ಒಂದು ಮಳೆಗಾಲ ಅಪ್ಪನ ಜೊತೆ ಕುರಿ ಕಾಯುತ್ತ, ಬಂಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಮತ್ತೆ ಕಟ್ಟಿ ಪಾಸಾದೆ. "ಹೆಣ್ಣು ಕುರಿಗೆ ಕೊಂಬು ಬಂದ್ರೂ ಬಂದೀತು, ಇವಳಿಗೆ ಡಿಗ್ರಿ ಆಗದ ಮಾತು" ಎಂದಳು ಅಜ್ಜಿ. ಕೆಲವು ಹೆಣ್ಣು ಕುರಿಗೂ ಕೊಂಬಿರುತ್ತದೆ ಎಂದು ಅಪ್ಪ ಗೊಣಗಿದ. ಅವನು ನನ್ನ ಪರವಾಗಿ ಆಡಿದ ಮಾತು ಅದೊಂದೇ ಇರಬೇಕು.

ಚಳ್ಳಕೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ದಿನ ಕೇಳಿದರು, ಮನುಷ್ಯನಿಗೂ ಉಳಿದ ಪ್ರಾಣಿಗಳಿಗೂ ಏನು ವ್ಯತ್ಯಾಸ? "ಮಾತು" ಎಂದ ಒಬ್ಬ. "ಸುಳ್ಳು ಹೇಳೋದು ಸಾರ್" ಎಂದ ಇನ್ನೊಬ್ಬ. ನೇಕಾರರ ಮನೆಯ ಹುಡುಗಿ ಎದ್ದು "ಸೀರೆ ಸಾರ್" ಅಂದಾಗ ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಬ್ರಹ್ಮಗಿರಿ ಬಂಡೆ ಮೇಲೆ ಯಾವತ್ತೋ ಯಾರೋ ಕೊರೆಸಿದ ಶಾಸನಾನ ಇವತ್ತೂ ಓದ್ತೀವಿ. ಇಲ್ಲದವರ ಮಾತು ಇರೋವರಿಗೆ ಮುಟ್ಟುತ್ತೆ. ಯಾವ ಪ್ರಾಣಿಗೆ ಐತೆ ಅದು?" ಎಂದರು. ನನ್ನ ಕಡೆ ತಿರುಗಿ "ನೀನೇನಮ್ಮ ಹೇಳ್ತೀಯ, ಕುರಿ ಕಾಯೋರ ಮನೇವಳು?" ಅಂದರು. ಮೋಸಹೋದ ಕುರಿ ತಬ್ಬಲಿಗೆ ಹಾಲು ಕೊಡುತ್ತದೆ, ಅದು ನನಗೆ ಗೊತ್ತಿತ್ತು. ಮೋಸ ತಿಳಿದರೆ ಗುಮ್ಮುತ್ತದೆ, ಅದೂ ಗೊತ್ತಿತ್ತು. ಮನುಷ್ಯರು ಏನು ಮಾಡುತ್ತಾರೆ ಎನ್ನುವುದೇ ಗೊತ್ತಿರಲಿಲ್ಲ. "ಗೊತ್ತಿಲ್ಲ ಸಾರ್" ಎಂದು ಕೂತೆ.

ನಾನು ಓದುತ್ತಿರುವಾಗಲೇ ಮನೆ ಕರಗತೊಡಗಿತು. ಅಜ್ಜಿ ಒಂದು ಚಳಿಗಾಲ ಉಣ್ಣುವುದು ಬಿಟ್ಟಳು, ಅವಳೇ ಹೇಳುತ್ತಿದ್ದ ಮುದಿಕುರಿಯ ಹಾಗೆ ಗೋಡೆಗೆ ಮುಖ ಮಾಡಿ ಹೋದಳು. ಕಾವಲಿನ ಸುತ್ತ ಉದ್ದಕ್ಕೆ ಗೋಡೆಗಳು ಎದ್ದವು, ಒಳಗೆ ಸರ್ಕಾರದ ದೊಡ್ಡ ದೊಡ್ಡ ಕಟ್ಟಡಗಳು ಬಂದವು. ಕುರಿ ಮೇಯುವ ದಾರಿ ಸುತ್ತುಬಳಸಾಯಿತು. ಅಪ್ಪ ಮಂದೆಯನ್ನು ಮಾರಿದ. ಮಾರಿದ ಮೇಲೂ ಬೆಳಗ್ಗೆ ಎದ್ದು ರೊಪ್ಪದ ಬಾಗಿಲು ಸರಿಸುತ್ತಿದ್ದ. ಒಂದು ಬೆಳಗ್ಗೆ ಸರಿಸಲಿಲ್ಲ. ಅವ್ವನನ್ನು ಚಳ್ಳಕೆರೆಯ ನನ್ನ ಬಾಡಿಗೆ ಕೋಣೆಗೆ ಕರೆತಂದೆ. ಹಟ್ಟಿಯ ಮನೆ ಎರಡು ಮಳೆಗೆ ಕೂತುಹೋಯಿತು. ಈಗ ಅವ್ವನೂ ಇಲ್ಲ. ಅವಳಿದ್ದಾಗಿನ ಒಂದು ಮಧ್ಯಾಹ್ನವನ್ನು ಬರೆದಿಡದಿದ್ದರೆ ಅದೂ ನನ್ನ ಜೊತೆಗೇ ಹೋಗುತ್ತದೆ ಎಂಬ ದಿಗಿಲಿಗೆ ಇಷ್ಟೆಲ್ಲ ಬರೆದೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ಮಧ್ಯಾಹ್ನ ಅದು. ಯೂನಿವರ್ಸಿಟಿಯಿಂದ ಬಸ್ಸಿನಲ್ಲಿ ಎದೆಗೆ ಅವುಚಿಕೊಂಡು ತಂದಿದ್ದೆ. ನಮ್ಮ ಹಟ್ಟಿಯಲ್ಲಿ, ನಮ್ಮ ಬಳಗದಲ್ಲಿ, ಗಂಡಸರನ್ನೂ ಸೇರಿಸಿ, ಅಂಥದ್ದು ಮೊದಲನೆಯದು. ಹೆಮ್ಮೆ ಇತ್ತು, ಯಾಕೆ ಸುಳ್ಳು ಹೇಳಲಿ. ಅವ್ವ ಬಾಡಿಗೆ ಕೋಣೆಯಲ್ಲಿ ಮೊರದ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡು, ಒರೆಸಿದ್ದು ಸಾಲದೆಂದು ಎದ್ದು ತೊಳೆದು ಬಂದು, ಎರಡೂ ಅಂಗೈ ಚಾಚಿದಳು. ಅದರ ಮೇಲೆ ಇಟ್ಟೆ. ಅವಳಿಗೆ ಓದು ಬಾರದು.

"ಏನು ಬರೆದವ್ರೆ, ಓದು."

"ಸರೋಜ, ಅಂತ. ತಂದೆ ಜಾಗದಾಗೆ ಅಪ್ಪನ ಹೆಸರು. ತಾಯಿ ಜಾಗದಾಗೆ ಬೋರಮ್ಮ, ಅಂತ."

"ಅಂಜಿನಮ್ಮ?"

ಆ ಹೆಸರನ್ನು ಅವ್ವನ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಅದು ಬರೆದಿಲ್ಲ, ತಾಯಿಗೆ ಒಂದೇ ಜಾಗ ಇರುವುದು ಎಂದು ತೊದಲಿದೆ.

"ಒಂದೇ ಜಾಗಾನಾ!" ಎಂದಳು ಅವ್ವ. ಕಾಗದದ ಮೇಲೆ ತನ್ನ ಹೆಸರು ಎಲ್ಲಿದೆಯೋ ಅದನ್ನು ಬೆರಳಿಟ್ಟು ತೋರಿಸಲು ಹೇಳಿದಳು, ತೋರಿಸಿದೆ. ಅದರ ಪಕ್ಕದ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ಸರೋಜ ಅಂತ ಹೆಸರಿಟ್ಟೋಳು ಅವಳು ಕಣೇ, ಉಸಿರು ಹೋಗೋ ಮುಂಚೆ. ನಿಮ್ಮಜ್ಜಿ ಮಾರಕ್ಕ ಅಂತ ಕರೀ ಅಂದ್ಲು, ನಾನು ಕರೀಲಿಲ್ಲ. ಮಾರಕ್ಕ ನನ್ನ ಕೈಯಾಗೇ ಹೋದೋಳು, ನಂಗೆ ಗೊತ್ತಿರಲ್ವಾ? ನೀನು ನಮ್ಮ ಅಂಜಿನಿ ಮಗಳು ಅಂತ ಗೊತ್ತಿದ್ದೇ ಮೊದಲ್ನೇ ದಿನ ಎದಿಗೆ ಹಾಕ್ಕಂಡೆ. ಅವರಿಬ್ಬರನ್ನ ಮರ್ತು ಒಂದಿನಾನೂ ನಿನ್ನ ಎತ್ಕಂಡಿಲ್ಲ."