ಹೋಟ್ಲತ್ತೆ ಬಾಯಿ ತುಂಬ ಕವಳ ಹಾಕಿಕೊಂಡ ದಿನ

ಹೋದ ವಾರ ಪಕ್ಕದ ಮನೆಯವರು ಮಗುವಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಗೋಡೆ ಹಾರಿ ನಮ್ಮ ಅಡುಗೆಮನೆಗೆ ನುಗ್ಗಿತು. ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರೆ ನಾನೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೇ ನಿಂತು ನಗುತ್ತಿದ್ದೆ. "ಅಜ್ಜಿಗೆ ಘಾಟು ನೆತ್ತಿಗೆ ಹತ್ತಿದೆ" ಎಂದಳು ಮೊಮ್ಮಗಳು. ಹತ್ತಿದ್ದೇನೋ ನಿಜ. ಆದರೆ ಅದು ಅರವತ್ತರ ದಶಕದಲ್ಲಿ, ತೀರ್ಥಹಳ್ಳಿಯ ಒಂದು ಆಟದ ಬಯಲಿನಲ್ಲಿ ಹತ್ತಿದ್ದು...

ಆಗ ನಾವು ಸಾಗರದಲ್ಲಿದ್ದೆವು. ಬಸ್‌ಸ್ಟ್ಯಾಂಡಿನ ಎದುರು ಒಂದು ಊಟದ ಹೋಟೆಲ್ ಇತ್ತು. ಅದರ ಒಡತಿಯನ್ನು ಇಡೀ ಕೇರಿ ಹೋಟ್ಲತ್ತೆ ಎಂದೇ ಕರೆಯುತ್ತಿತ್ತು. ಗಂಡ ಒಳಗೆ ಒಲೆಯ ಮುಂದೆ, ಅತ್ತೆ ಹೊರಗೆ ಎಲೆಗಳ ಮುಂದೆ. ಆ ಗಂಡ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ತೆರೆದಿದ್ದರೂ ನಡುವೆ ಜಾಗ ಸಿಗುತ್ತಿತ್ತೆಂದು ಅನಿಸುವುದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಗೆ ಹೋಗುವ ಬಸ್ಸುಗಳ ಡ್ರೈವರು, ಕಂಡಕ್ಟರುಗಳೆಲ್ಲ ಊಟಕ್ಕೆ ಅಲ್ಲಿಗೇ ಬರುತ್ತಿದ್ದರು. ಆ ಕಾಲದ ಕಂಡಕ್ಟರೆಂದರೆ ಬರೀ ಟಿಕೆಟ್ ಹರಿಯುವವನಲ್ಲ. ಊರಿಂದೂರಿಗೆ ಔಷಧಿ, ಹೂವಿನ ದಂಡೆ, ಹೆರಿಗೆಯ ಸುದ್ದಿ, ಸಾವಿನ ಸುದ್ದಿ ಎಲ್ಲವನ್ನೂ ಸಾಗಿಸುವವನು. ಅತ್ತೆ ಸಾರು ಬಡಿಸುತ್ತ ಆಡಿದ ಮಾತು ಮಧ್ಯಾಹ್ನದೊಳಗೆ ಹೊಸನಗರದ ದಾರಿಯ ಬಟ್ಟೆಮಲ್ಲಪ್ಪ ಎಂಬ ಊರನ್ನು ದಾಟಿರುತ್ತಿತ್ತು.

ಅತ್ತೆಗೆ ಒಬ್ಬಳೇ ಮಗಳು. ನನ್ನದೇ ತರಗತಿ, ನನ್ನದೇ ಬೆಂಚು. ಎತ್ತರದ ಹುಡುಗಿ. ಮಾತಿನಲ್ಲಿ ಅಪ್ಪನ ಮಗಳು, ಕೇಳಿದ್ದಕ್ಕೂ ತಲೆಯಾಡಿಸಿ ಮುಗಿಸುತ್ತಿದ್ದಳು.

ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು ಮೈದಾನದಲ್ಲಿ ಎರಡು ಕಂಬ ನೆಡಿಸಿ, ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ, ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸತೊಡಗಿದ್ದು ಆ ವರ್ಷವೇ. ಲಂಗ ಎತ್ತಿ ಸಿಕ್ಕಿಸಿ, ದಾವಣಿಯನ್ನು ಸೊಂಟಕ್ಕೆ ಬಿಗಿದು ನಾವು ಓಡುವುದನ್ನು ಕಂಡು ಊರಿನ ತಾಯಂದಿರು ಹುಬ್ಬು ಗಂಟಿಕ್ಕಿದರು. ನನ್ನ ಅಮ್ಮನಂತೂ ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದರು. ಹೋಟ್ಲತ್ತೆ ಮಾತ್ರ ಮಾತು ಜಾಸ್ತಿ ಮಾಡಿದರು.

"ಬುಟ್ಟಿ ಆಟ ಅಂತ ಬಂದಿದೆ ಮಾರಾಯ. ನಮ್ಮ ಕೂಸಿನ ಸಮಕ್ಕೆ ಆಡೋರು ಈ ಮೂರು ತಾಲ್ಲೂಕಲ್ಲೇ ಇಲ್ಲ!" ಎಂದು ಪ್ರತಿ ಕಂಡಕ್ಟರನ ಎಲೆಯ ಮುಂದೆಯೂ ನಿಂತು ಹೇಳುತ್ತಿದ್ದರು. ಕೂಸು ಚೆಂಡು ಮುಟ್ಟಿ ಆಗಿನ್ನೂ ತಿಂಗಳಾಗಿರಲಿಲ್ಲ. ಅತ್ತೆಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಮೊದಲ ಸಲ ಮೈದಾನಕ್ಕೆ ಬಂದಾಗ ಬುಟ್ಟಿಗೆ ತಳವಿಲ್ಲದ್ದನ್ನು ನೋಡಿ, ಕಮ್ಮಾರ ಸ್ಕೂಲಿನವರಿಗೆ ಸರಿಯಾಗಿ ಟೋಪಿ ಹಾಕಿದ್ದಾನೆ ಎಂದು ಹೆಡ್‌ಮಾಸ್ಟರ ತನಕ ದೂರು ಒಯ್ದಿದ್ದರು.

ಮಗಳಿಗೆ ಆ ಆಟವೆಂದರೆ ಪ್ರಾಣ. ಸಂಜೆ ನಾವಷ್ಟೇ ಇದ್ದಾಗ ಅವಳ ಕೈಯಿಂದ ಹೋದ ಚೆಂಡು ಬಳೆಯನ್ನು ಸವರದೆಯೇ ಕೆಳಗಿಳಿಯುತ್ತಿತ್ತು. ಆಗ ಅವಳ ಮುಖ ನೋಡಬೇಕಿತ್ತು. ಆದರೆ ಬೇಲಿಯ ಆಚೆ ಅತ್ತೆಯ ಸೀರೆ ಕಂಡಿತೋ, ಮುಗಿಯಿತು. ಕೈ ಮರಗಟ್ಟಿ ಹೋಗುತ್ತಿತ್ತು.

ಹೊಸನಗರದ ಹುಡುಗಿಯರು ನಮ್ಮಲ್ಲಿಗೆ ಆಡಲು ಬಂದ ದಿನ ಅತ್ತೆ ಹೋಟೆಲಿಗೆ ಬಾಗಿಲು ಹಾಕಿ ಬಂದರು. ಬಿಸಿಲು ಜೋರಾಗಿತ್ತು. ಮಾವಿನ ಮರದ ನೆರಳು ಬೀಳುತ್ತಿದ್ದದ್ದು ನಾವು ಕಾಯಬೇಕಾಗಿದ್ದ ಬುಟ್ಟಿಯ ಹತ್ತಿರ. ಅತ್ತೆ ಅಲ್ಲೇ ನಿಂತರು. ಮಗಳ ಕೈಗೆ ಚೆಂಡು ಸಿಕ್ಕಿದ್ದೇ ತಡ, "ಇಲ್ಲಿ ಹಾಕು ಮಗಳೇ! ಇಲ್ಲಿ, ಇಲ್ಲಿ!" ಎಂದು ಎರಡೂ ಕೈ ಬೀಸಿ ಕೂಗಿದರು. ಹುಟ್ಟಿದಾಗಿನಿಂದ ಅಮ್ಮ ಹೇಳಿದ್ದನ್ನು ಕೇಳಿ ರೂಢಿಯಾದ ಹುಡುಗಿ. ಗರಕ್ಕನೆ ತಿರುಗಿ ನಮ್ಮದೇ ಬುಟ್ಟಿಗೆ ಹಾಕಿಬಿಟ್ಟಳು. ಅಷ್ಟು ಅಚ್ಚುಕಟ್ಟಾಗಿ ಬಿದ್ದ ಚೆಂಡು ಆ ದಿನ ಅದೊಂದೇ. ಹೊಸನಗರದವರು ಕುಣಿದರು. ಅವರು ಕುಣಿದದ್ದನ್ನು ಕಂಡು ಅತ್ತೆಯೂ ಕುಣಿದರು. ಎರಡೂ ಕಡೆಯವರಿಗೆ ಸಕ್ಕರೆ ಹಂಚಿದರು. ಹೊಸನಗರಕ್ಕೆ ಅಂಕ ಬಂದದ್ದು ನಿಮ್ಮ ಮಗಳಿಂದ ಎಂದು ಬಿಡಿಸಿ ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಬಾಯಲ್ಲಿ ಅವರದೇ ಸಕ್ಕರೆ ಇತ್ತಲ್ಲ.

ಮರುದಿನ ಮೇಷ್ಟ್ರು ಅವಳನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಮುಂದಿನ ವಾರ ತೀರ್ಥಹಳ್ಳಿಯಲ್ಲಿ ಮ್ಯಾಚ್ ಇದೆ. ನಿಮ್ಮಮ್ಮ ಅಲ್ಲಿ ಕಾಣಿಸಿಕೊಂಡ್ರೆ ನಿನ್ನನ್ನ ಆಟಕ್ಕೆ ಇಳಿಸಲ್ಲ. ಇದೇ ಕೊನೆ." ಅವಳು ಎಂದಿನಂತೆ ತಲೆಯಾಡಿಸಿದಳು. ಆಮೇಲೆ ನೀರಿನ ತೊಟ್ಟಿಯ ಹಿಂದೆ ಕೂತು ಅತ್ತಳು. ಅಮ್ಮನಿಗೆ ಈ ಮಾತು ತಿಳಿಸಲು ಅವಳಿಂದಾಗಲಿಲ್ಲ. "ನೀನು ಬರ್ಬೇಡ ಅಮ್ಮ" ಎಂದಷ್ಟೇ ಬೇಡಿಕೊಂಡಳು. ಹೋಟೆಲು ಬಿಟ್ಟು ಅಷ್ಟು ದೂರ ಯಾರು ಬರ್ತಾರೆ ಎಂದು ಅತ್ತೆ ಒಪ್ಪಿಕೊಂಡರು. ನಮಗೆಲ್ಲ ಜೀವ ಬಂದಂತಾಯಿತು.

ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಬರದಿದ್ದರೂ ಅವರ ಮಾತು ನಮಗಿಂತ ಮುಂದೆ ಹೋಗಿತ್ತು. ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಂತದ್ದೇ ತಡ, ಜನ ಕಿಟಕಿಗಳಲ್ಲಿ ಇಣುಕತೊಡಗಿದರು. "ಯಾವ್ದು ಮಾರಾಯ? ಆ ಉದ್ದಂದಾ?" ಎಂದು ಒಬ್ಬ ಕೇಳಿದರೆ ಕಂಡಕ್ಟರ್ ಹೆಮ್ಮೆಯಿಂದ, "ಹ್ಞಾಂ, ಅದೇಯ" ಎಂದು ಬೆರಳು ಮಾಡಿ ತೋರಿಸಿದ. ಹೊಸನಗರದಲ್ಲಿ ಒಬ್ಬ ಅಜ್ಜಿ ಬಸ್ಸು ಹತ್ತಿ ಬಂದು ಅವಳ ಮಡಿಲಿಗೆ ಅವಲಕ್ಕಿಯ ಪೊಟ್ಟಣ ಹಾಕಿ, ಗಲ್ಲ ಹಿಡಿದು, "ಇವತ್ತು ಎಷ್ಟು ಹಾಕ್ತೀಯೇ?" ಎಂದು ಕೇಳಿ ಇಳಿದು ಹೋದರು. ನಮ್ಮ ಹುಡುಗಿ ಪೊಟ್ಟಣವನ್ನು ಬಿಚ್ಚದೆ ಸೀಟಿನ ಕೆಳಗೆ ತಳ್ಳಿದಳು.

"ಒಂದೂ ಹಾಕ್ದೇ ಇದ್ರೆ ವಾಪಸ್ಸು ಬರೋದೂ ಇದೇ ದಾರೀಲೇ ಅಲ್ವೇನೆ?" ಎಂದಳು. ಬೇರೆ ದಾರಿಯಿದೆಯೇ ಎಂದು ನಾನೂ ಯೋಚಿಸಿದೆ. ನಮ್ಮ ಕಂಡಕ್ಟರನಿಗೆ ಗೊತ್ತಿಲ್ಲದ ದಾರಿ ಯಾವುದೂ ಇರಲಿಲ್ಲ.

ನಮಗೆ ಗೊತ್ತಾಗದೆ ನಡೆದದ್ದು ಇನ್ನೊಂದು. ಹೊಸನಗರದಲ್ಲಿ ಎದುರಿಗೆ ಸಿಕ್ಕ ಬಸ್ಸಿನ ಕಂಡಕ್ಟರ್ ಸಾಗರ ಮುಟ್ಟಿದವನೇ, ಊರೂರಲ್ಲೂ ಜನ ನಿಮ್ಮ ಮಗಳನ್ನು ಮುಗಿಬಿದ್ದು ನೋಡ್ತಿದ್ದಾರೆ ಎಂದು ಅತ್ತೆಯ ಕಿವಿಗೆ ಹಾಕಿದ್ದ. ಅತ್ತೆಗೆ ದೃಷ್ಟಿಯ ಚಿಂತೆ ಹತ್ತಿತು. ಇಷ್ಟು ಜನರ ಕಣ್ಣು ಬಿದ್ದರೆ ಕೂಸಿನ ಗತಿಯೇನು? ಸೌಟು ಗಂಡನ ಕೈಗೆ ಕೊಟ್ಟು ಅಲ್ಲಿಂದಲೇ ಬಸ್ಸು ಹತ್ತಿದ್ದರು.

ತೀರ್ಥಹಳ್ಳಿಯ ಶಾಲೆಯವರು ನಮಗೆ ಊಟ ಹಾಕಿ, ಬಿಸಿಲು ಇಳಿಯಲೆಂದು ಕಾದು, ಇನ್ನೇನು ಸೀಟಿ ಊದಬೇಕು ಅನ್ನುವಾಗ ಅತ್ತೆ ಪ್ರತ್ಯಕ್ಷವಾದರು. ಕೈಯಲ್ಲಿ ಪಕ್ಕದ ಹೋಟೆಲಿನಿಂದ ಕೇಳಿ ತಂದ ಬಾಂಡಲೆ, ಅದರ ತುಂಬ ಕೆಂಡ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಮಗಳನ್ನು ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಕಂಡ ಕಣ್ಣು ಕಾಣದ ಕಣ್ಣು ಎಲ್ಲವನ್ನೂ ಬೈದು, ಥೂ ಥೂ ಎಂದು ಕೆಂಡಕ್ಕೆ ಸುರಿದರು. ಗಾಳಿ ನಮ್ಮ ಕಡೆಗೇ ಬೀಸಿತು. ಹೊಗೆ ಮೈದಾನದ ಉದ್ದಕ್ಕೂ ಹರಡಿತು. ಎರಡೂ ಕಡೆಯ ಹುಡುಗಿಯರು ಕೆಮ್ಮಿ ಕೆಮ್ಮಿ ಒಬ್ಬರ ಹೆಗಲಿಗೆ ಒಬ್ಬರು ಒರಗಿದರು. ರೆಫ್ರಿ ಊದಿದ ಸೀಟಿಯಿಂದ ಕೆಮ್ಮು ಮಾತ್ರ ಹೊರಗೆ ಬಂತು. ನೋಡಲು ಬಂದವರು ಕಾಂಪೌಂಡಿನ ಆಚೆ ಓಡಿದರು.

ಇಷ್ಟರ ನಡುವೆ ಅತ್ತೆ ಒಬ್ಬರೇ ಮಂಕಾಗಿ ನಿಂತಿದ್ದರು. ನಮ್ಮ ಕಡೆ ಎಲ್ಲರೂ ಬಲ್ಲ ಲೆಕ್ಕ: ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಇಷ್ಟು ಘಾಟು ಬಂತೆಂದರೆ ಯಾರ ಕಣ್ಣೂ ಬಿದ್ದೇ ಇಲ್ಲ. "ಇಷ್ಟು ಹೇಳಿದ್ದೀನಿ... ಒಬ್ರಿಗೂ ಹೊಟ್ಟೆಕಿಚ್ಚು ಆಗ್ಲಿಲ್ವೇನೆ?" ಎಂದು ನನ್ನನ್ನು ಕೇಳಿದರು. ಕಣ್ಣಲ್ಲಿ ನೀರಿತ್ತು. ಘಾಟಿನದೋ ದುಃಖದ್ದೋ ಹೇಳುವುದು ಕಷ್ಟವಿತ್ತು.

ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಅವಳ ಜಾಗಕ್ಕೆ ಬಂದ ಹುಡುಗಿ ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದಳು. ನನ್ನ ಆಟವೂ ಹೇಳಿಕೊಳ್ಳುವಂಥದ್ದಲ್ಲ, ಕೈಗೆ ಬಂದ ಚೆಂಡನ್ನು ಹತ್ತಿರದವರಿಗೆ ದಾಟಿಸಿ ಪಾರಾಗುವುದೇ ನನ್ನ ಕೆಲಸ. ಅರ್ಧ ಆಟ ಮುಗಿಯುವುದರೊಳಗೆ ತೀರ್ಥಹಳ್ಳಿಯವರು ನಮ್ಮನ್ನು ಚೆನ್ನಾಗಿ ಅರೆದಿದ್ದರು.

ಬಿಡುವಿನಲ್ಲಿ ಅತ್ತೆ ಬಂದು, "ನಮ್ಮ ಕೂಸನ್ನ ಎಂತಕ್ಕೆ ಕೂರಿಸಿದ್ದಾರೆ?" ಎಂದು ಕೇಳಿದರು. ಮಗಳು ತಲೆ ಎತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು. "ನೀವು ಬಂದಿದ್ದಕ್ಕೆ ಅತ್ತೆ. ನೀವು ಕೂಗ್ತೀರಿ, ಅವಳು ಕೈಕಾಲು ಬಿಡ್ತಾಳೆ. ನೀವು ಬಂದ್ರೆ ಆಡ್ಸಲ್ಲ ಅಂತ ಮೇಷ್ಟ್ರು ಮೊದಲೇ ಹೇಳಿದ್ರು" ಎಂದುಬಿಟ್ಟೆ.

ಅತ್ತೆ ಮಗಳನ್ನು ನೋಡಿದರು. ಆಮೇಲೆ ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದು, ಎಲೆಯ ಮೇಲೆ ಎಲೆಯಿಟ್ಟು, ಅಡಿಕೆ ಸುಣ್ಣ ಹೊಗೆಸೊಪ್ಪು ಸೇರಿಸಿ, ಮುಷ್ಟಿ ಗಾತ್ರದ ಕವಳ ಮಡಿಸಿದರು. ಮೇಷ್ಟ್ರ ಮುಂದೆ ಹೋಗಿ, "ಇದನ್ನ ಹಾಕ್ಕೊಂಡ್ರೆ ನಂಗೆ ಮಾತಾಡಕ್ಕೆ ಆಗಲ್ಲ. ಆಟ ಮುಗಿಯೋ ತನಕ ಉಗಿಯಲ್ಲ. ಅವಳನ್ನ ಬಿಡಿ ಸ್ವಾಮಿ" ಎಂದು ಹೇಳಿ ಬಾಯಿಗೆ ತುರುಕಿಕೊಂಡರು. ಮೇಷ್ಟ್ರು ಆ ಉಬ್ಬಿದ ಗಲ್ಲವನ್ನೂ ಅಂಕದ ಹಲಗೆಯನ್ನೂ ನೋಡಿ, "ಇಳಿಯಮ್ಮ" ಎಂದು ಹುಡುಗಿಗೆ ಕೈ ಮಾಡಿದರು.

ಮೊದಲ ಚೆಂಡು ಕೈಗೆ ಬಂದಾಗ ಅವಳು ಅಭ್ಯಾಸಬಲದಿಂದ ಅಮ್ಮನ ಕಡೆ ತಿರುಗಿದಳು. ಅತ್ತೆಯ ಕಣ್ಣುಗಳು ಹೊರಗೆ ಬಂದಿದ್ದವು, ಕುತ್ತಿಗೆಯ ನರ ಬಿಗಿದಿತ್ತು, ಕೂಗೆಲ್ಲ ಕವಳದ ಹಿಂದೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಮಗಳಿಗೆ ನಗು ಬಂತು. ನಗುತ್ತಲೇ ಹಾಕಿದಳು, ಬಿತ್ತು. ಆಮೇಲೆ ಅವಳು ಅಮ್ಮನನ್ನು ನೋಡಲೇ ಇಲ್ಲ. ಸಂಜೆಗಳಲ್ಲಿ ನಾವಷ್ಟೇ ಕಾಣುತ್ತಿದ್ದ ಆಟವನ್ನು ಅಷ್ಟು ಜನರ ಮುಂದೆ ಆಡಿದಳು. ಮೂವರು ಸುತ್ತುವರಿದರೂ ನಡುವಿನಿಂದ ಎದ್ದು ಇನ್ನೂ ಮೂರು ಸಲ ಹಾಕಿದಳು. ನಾಲ್ಕನೆಯದಕ್ಕೆ ತೀರ್ಥಹಳ್ಳಿಯವರೇ ಚಪ್ಪಾಳೆ ತಟ್ಟಿದರು. ಪಂದ್ಯವನ್ನು ನಾವು ಸೋತೆವು, ಆ ಮಾತು ಬೇರೆ. ಅತ್ತೆ ಕೊಟ್ಟ ಮಾತಿನಂತೆ ಕೊನೆಯ ಸೀಟಿಯ ತನಕ ಕೂತಿದ್ದು, ಆಮೇಲೆ ಬೇಲಿಯ ಹತ್ತಿರ ಹೋಗಿ ಬಹಳ ಹೊತ್ತು ಉಗಿದರು.

ವಾಪಸ್ಸು ಬರುವಾಗ ಅತ್ತೆ ನನ್ನ ಪಕ್ಕ ಕೂತಿದ್ದರು. ಇನ್ನು ದಾರಿಯುದ್ದಕ್ಕೂ ಕಿವಿ ತೂತಾಗುತ್ತದೆ ಎಂದು ನಾನು ಸಿದ್ಧಳಾಗಿದ್ದೆ. ಹೊಸನಗರದಲ್ಲಿ ಜನ ಬಂದು ಕೇಳಿದರು, "ಏನತ್ತೆ, ಎಷ್ಟು ಹಾಕಿದ್ಲು?" ಅತ್ತೆ ಸೆರಗು ಹೊದ್ದುಕೊಂಡು, "ಎಂತದೋ ಆಡಿದ್ಲಪ್ಪ. ಮಕ್ಕಳಾಟ" ಎಂದು ಮುಖ ತಿರುಗಿಸಿದರು. ಕಂಡಕ್ಟರ್ ಕಣ್ಣು ಕಣ್ಣು ಬಿಟ್ಟ. ಕಿಟಕಿಯ ಪಕ್ಕ ಕೂತಿದ್ದ ಮಗಳ ಮುಖ ಸಣ್ಣದಾಯಿತು.

"ಯಾಕತ್ತೆ ಹೇಳ್ಲಿಲ್ಲ?" ಎಂದೆ. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇಷ್ಟು ದಿನ ಸುಮ್ನೆ ಹೇಳ್ಕೊಂಡು ತಿರುಗಿದ್ದೆ ಕಣೆ, ಏನೂ ಆಗ್ತಿರ್ಲಿಲ್ಲ. ಇವತ್ತು ನಿಜವಾಗ್ಲೂ ಆಡಿಬಿಟ್ಲಲ್ಲ. ಇನ್ನು ಹೇಳಿದ್ರೆ ಕಣ್ಣು ಬೀಳ್ದೆ ಇರುತ್ತಾ?"

ಬಟ್ಟೆಮಲ್ಲಪ್ಪದಲ್ಲಿ ಮತ್ತೆ ಜನ ಮುತ್ತಿದರು. ಅತ್ತೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು. ಬಸ್ಸು ಹೊರಟಿತು. ಅಷ್ಟರಲ್ಲಿ ನಮ್ಮ ಮೂಕ ಹುಡುಗಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ನಾಲ್ಕು! ನಾಲ್ಕು ಹಾಕ್ದೆ ಕಣ್ರೋ!" ಎಂದು ಕೂಗಿದಳು. ಥೇಟ್ ಅಮ್ಮನ ಗಂಟಲು. ಅತ್ತೆ ಜಡೆ ಹಿಡಿದು ಅವಳನ್ನು ಒಳಗೆಳೆದು ಬಾಯಿ ಮುಚ್ಚಿದರು. ಮೇಷ್ಟ್ರೂ ಸೇರಿ ಇಡೀ ಬಸ್ಸು ನಕ್ಕಿತು.

ಆಮೇಲೆ ಪರೀಕ್ಷೆ ಬಂತು, ನಾವೆಲ್ಲ ಲಂಗ ಬಿಟ್ಟು ಸೀರೆ ಉಟ್ಟೆವು. ಅವಳನ್ನು ಹೊಸನಗರಕ್ಕೆ ಮದುವೆ ಮಾಡಿ ಕೊಟ್ಟರು. ಮತ್ತೆ ಚೆಂಡು ಮುಟ್ಟುವ ಪ್ರಸಂಗ ಬರಲಿಲ್ಲ. ಅತ್ತೆ ಮಗಳ ಹೋಳಿಗೆಯನ್ನು, ಮಗಳ ರಂಗೋಲಿಯನ್ನು, ಅಳಿಯನ ಎಮ್ಮೆಯನ್ನು ಕೂಡ ಊರೂರಿಗೆ ಹೊಗಳಿಕೊಂಡು ಬಂದರು. ತೀರ್ಥಹಳ್ಳಿಯ ಆ ಆಟದ ಬಗ್ಗೆ ಮಾತ್ರ ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಹೊಗಳುವವರು ಊರಿನಲ್ಲಿ ಈಗಲೂ ಇದ್ದಾರೆ. ಅಷ್ಟು ಪ್ರೀತಿಯಿಂದ ಸುಳ್ಳು ಹೇಳುವವರನ್ನು ನಾನಂತೂ ಮತ್ತೆ ಕಂಡಿಲ್ಲ.

ಮೊನ್ನೆ ಅತ್ತೆಯ ಮಗಳಿಗೆ ಫೋನು ಮಾಡಿದ್ದೆ. ಮಂಡಿ ನೋವು, ಕೋಲು ಹಿಡಿದು ನಡೆಯುತ್ತಾಳೆ. ತಾನು ಆಡುತ್ತಿದ್ದೆ ಎಂದರೆ ಮೊಮ್ಮಕ್ಕಳು ನಂಬುವುದಿಲ್ಲವಂತೆ. "ನೀನಾದ್ರೂ ಹೇಳೇ" ಎಂದು ಫೋನನ್ನು ಮೊಮ್ಮಗನ ಕೈಗೆ ಕೊಟ್ಟಳು. ನಾನು ನಾಲ್ಕನ್ನೂ ಒಂದೊಂದಾಗಿ ವರ್ಣಿಸಿದೆ. "ಹೌದಾ ಅಜ್ಜಿ" ಎಂದು ವಿನಯದಿಂದ ಹೇಳಿ ಅವನು ಹೊರಟುಹೋದ. ಅವಳು ಫೋನು ತೆಗೆದುಕೊಂಡಳು.

"ಅಮ್ಮ ಒಂದೇ ಒಂದ್ಸಲ ಯಾರಿಗಾದ್ರೂ ಹೇಳಿ ಹೋಗಿದ್ರೆ ಆಗ್ತಿತ್ತು ಕಣೆ" ಎಂದಳು.

ಹೂಂ ಎಂದೆ.